ಬುಧವಾರದ ಟಯರು

ನಮ್ಮ ಮನೆಗೆ ವಾಹನ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಟಯರು ಬಂದಿತ್ತು. ಬೆಳ್ಳೂರಿನ ಒಳಗೆ, ಗುಡ್ಡದ ಬುಡದಲ್ಲಿದ್ದ ನನ್ನ ತವರಿಗೆ ಆಗ ಎತ್ತಿನ ಗಾಡಿಯೂ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ದನದ ಹಟ್ಟಿಯ ಪಕ್ಕದ ಬಾವಿಯಿಂದ ನೀರು ಸೇದುವ ಬಾಲ್ದಿ ಮಾತ್ರ ಲಾರಿಯ ಹಳೇ ಟಯರನ್ನು ಕೊಯ್ದು ಹೊಲಿದದ್ದು. ತಾಮ್ರದ ಕೊಡಪಾನವಾದರೆ ಬಾವಿಯ ಕಲ್ಲಿಗೆ ತಾಗಿ ನೆಗ್ಗುತ್ತಿತ್ತು. ಟಯರಿಗೆ ಆ ಕಾಟ ಇರಲಿಲ್ಲ. ಅಜ್ಜಿ ಅದನ್ನು ಅಡುಗೆಮನೆಯ ಬಾವಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಯಾವ ಊರಿನ ದಾರಿಯಲ್ಲಿ ಎಂತೆಂತಹದ್ದನ್ನು ತುಳಿದು ಬಂದದ್ದೋ ಏನೋ ಎಂಬುದು ಅವಳ ವಾದ. ದನಗಳಿಗೆ ಮಡಿ ಇರಲಿಲ್ಲವಾದ್ದರಿಂದ ಹಟ್ಟಿಯ ಬಾವಿಗೆ ಅಡ್ಡಿಯಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಬಾಲ್ದಿ ಎನ್ನುತ್ತಿರಲಿಲ್ಲ. ಟಯರು ಎಂದರೆ ಅದೇ. ‘ಟಯರು ಬಾವಿಗೆ ಬಿತ್ತು’ ಎಂದರೆ ಹಗ್ಗ ಕಡಿದಿದೆ, ಯಾರಾದರೂ ಕೊಕ್ಕೆ ಇಳಿಸಬೇಕು ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಹತ್ತನೆಯ ವಯಸ್ಸಿಗೆ ನನ್ನನ್ನು ಮಂಗಳೂರಿನ ಒಂದು ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಇಂಗ್ಲಿಷ್ ಕ್ಲಾಸಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಹತ್ತು ಶಬ್ದ ಬರೆದು, ಒಂದೊಂದಕ್ಕೂ ವಾಕ್ಯ ಮಾಡಿ ಎಂದರು. ಟಯರ್ ನನ್ನ ಪಾಲಿಗೆ ಬಂತು. ನಾನು ಧೈರ್ಯವಾಗಿ ಎದ್ದು, ‘ದ ಟಯರ್ ಫೆಲ್ ಇಂಟು ದ ವೆಲ್, ಸಿಸ್ಟರ್, ಆಂಡ್ ಮೈ ಗ್ರಾಂಡ್‌ಮದರ್ ಶೌಟೆಡ್’ ಎಂದೆ. ಇಡೀ ಕ್ಲಾಸು ನಕ್ಕಿತು. ಸಿಸ್ಟರ್ ನಗದೆ, ‘ಎ ಟಯರ್ ಗೋಸ್ ಆನ್ ಎ ವೀಲ್, ಚೈಲ್ಡ್’ ಎಂದರು. ನಾನು ಸುಮ್ಮನಿರಬಹುದಿತ್ತು. ‘ನಾಟ್ ಇನ್ ಅವರ್ ಹೌಸ್, ಸಿಸ್ಟರ್’ ಎಂದೆ. ಪ್ರಾರ್ಥನೆಯ ಬೆಲ್ಲು ಹೊಡೆಯುವವರೆಗೆ ಬೆಂಚಿನ ಮೇಲೆ ನಿಂತೆ.

ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದಲ್ಲೇ ಕೂತಿದ್ದವಳು. ಅಡೂರು ಕಡೆಯ ಹುಡುಗಿ. ಅವಳ ಮನೆಯ ಬಾವಿಯಲ್ಲೂ ಟಯರೇ ಇದ್ದದ್ದು ಎಂದು ಆಮೇಲೆ ಗೊತ್ತಾಯಿತು. ಅದನ್ನು ಸಿಸ್ಟರಿಗೆ ಹೇಳಿ ನನ್ನನ್ನು ಬೆಂಚಿನಿಂದ ಇಳಿಸಬಹುದಿತ್ತು, ಹೇಳಲಿಲ್ಲ. ಎರಡು ದಿನ ನಾನು ಅವಳೊಡನೆ ಮಾತು ಬಿಟ್ಟೆ. ಮೂರನೆಯ ದಿನ ಅವಳು ತನ್ನ ಪಾಲಿನ ಪೇರಳೆ ಹಣ್ಣನ್ನು ನನ್ನ ದಿಂಬಿನ ಅಡಿಯಲ್ಲಿ ಇಟ್ಟಿದ್ದಳು. ಅರವತ್ತೈದು ವರ್ಷ ಆಯಿತು, ನನಗೆ ಅವಳಷ್ಟು ಹಳೇ ಸ್ನೇಹ ಮತ್ತೊಂದಿಲ್ಲ.

ಈಗ ನಮ್ಮಲ್ಲಿ ಟಯರು ಕಾಣದ ಜಾಗ ಇಲ್ಲ. ಅಂಗನವಾಡಿಯ ಅಂಗಳದಲ್ಲಿ ಅದರ ಒಳಮೈಯನ್ನು ಹೊರಗೆ ಮಾಡಿ, ಹಳದಿ ಪೈಂಟು ಬಳಿದು, ದಾಸವಾಳ ನೆಟ್ಟಿದ್ದಾರೆ. ಮಳೆಗಾಲದಲ್ಲಿ ಸೌದೆಗೆ ಮುಚ್ಚಿದ ಟಾರ್ಪಾಲು ಹಾರದಂತೆ ಮೇಲೆ ಟಯರು ಹೇರುತ್ತಾರೆ. ಹರತಾಳದ ದಿನ ಪೇಟೆಯ ನಡುವೆ ಸುಡುತ್ತಾರೆ, ಒಗೆದು ಹಾಕಿದ ಬಟ್ಟೆಗೆ ಆ ವಾಸನೆ ಹಿಡಿಯುತ್ತದೆ. ಮೊಮ್ಮಗಳು ಕನ್ನಡಿಯ ಮುಂದೆ ನಿಂತು ಸೊಂಟ ಹಿಂಡಿಕೊಂಡು, ‘ಅಜ್ಜೀ, ನೋಡು, ಟಯರ್!’ ಎಂದು ಗೋಳಾಡುತ್ತಾಳೆ. ನನಗೆ ಮಾತ್ರ ಇಪ್ಪತ್ತೈದು ವರ್ಷಗಳಿಂದ ಆ ಶಬ್ದ ಕೇಳಿದ ಕೂಡಲೇ ತೋಚುವುದು ಒಂದೇ: ನಾನು ಹೊರಡಬಹುದೇ, ಇಲ್ಲವೇ.

ಕಾರು ಕಲಿತದ್ದು ಐವತ್ತಕ್ಕೆ. ನಾನಾಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ದೇಲಂಪಾಡಿ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಅಲ್ಲಿಗೆ ದಿನಕ್ಕೆ ಎರಡೇ ಬಸ್ಸು, ಬಸ್ಸಿಳಿದ ಮೇಲೆ ಮತ್ತೆ ಒಂದು ಗಂಟೆಯ ನಡಿಗೆ. ರಿಟೈರಾಗುವ ಹೊತ್ತಿಗೆ ಯಾರಾದರೂ ಡ್ರೈವಿಂಗ್ ಕಲಿಯುತ್ತಾರಾ ಎಂದು ಸ್ಟಾಫ್‌ರೂಮಿನಲ್ಲಿ ಕೇಳಿದರು. ನಾನು ಕಲಿಯುತ್ತೇನೆ ಎಂದೆ. ಕಲಿಸಿದ ಮಾಸ್ಟ್ರು ಬಹಳ ಸಿಟ್ಟಿನ ಮನುಷ್ಯ. ಒಂದು ಹಳೇ ಸಣ್ಣ ಬಿಳೀ ಕಾರು ತೆಗೆದುಕೊಂಡೆ. ಅದೇ ಈಗಲೂ ಇದೆ, ನನ್ನಂತೆಯೇ ಅದರ ಪಾರ್ಟ್ಸೂ ಪೇಟೆಯಲ್ಲಿ ಸಿಗುವುದಿಲ್ಲ.

ಇವರು, ಎಂದರೆ ನನ್ನ ಗಂಡ, ಪೋಸ್ಟ್ ಮಾಸ್ಟರಾಗಿದ್ದವರು. ಸೈಕಲ್ ಬಿಟ್ಟು ಬೇರೆ ಏನನ್ನೂ ಓಡಿಸಿದವರಲ್ಲ. ನಾನು ಕಾರು ಕಲಿತಾಗ ಬೇಡ ಅನ್ನಲಿಲ್ಲ. ಬೇಡ ಎನ್ನುವ ಶಬ್ದವೇ ಇವರ ಬಾಯಲ್ಲಿ ಬರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಇನ್ನೊಂದು ಸೌಟು ಅನ್ನ ಕೇಳುತ್ತಾರೆ. ಪಕ್ಕದ ಸೀಟಿನಲ್ಲಿ ಕೂತಾಗ ಮಾತ್ರ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ.

ನಮ್ಮ ಕಿರಿಯ ಮಗಳ ಮನೆ ನಮ್ಮದೇ ಹಿತ್ತಲಿನ ಆಚೆ ತುದಿಯಲ್ಲಿದೆ. ಎರಡು ವರ್ಷದಿಂದ ಅವಳು, ‘ಅಮ್ಮಾ, ಕಾರು ಕೊಟ್ಟುಬಿಡು, ಆಟೋ ಕರೆದರೆ ಅಂಗಳಕ್ಕೇ ಬರ್ತದಲ್ಲ’ ಎನ್ನುತ್ತಾಳೆ. ಬರುತ್ತದೆ, ಇಲ್ಲವೆಂದಲ್ಲ. ಆದರೆ ಆಟೋದಲ್ಲಿ ಹೋದರೆ ನನ್ನನ್ನು ಯಾರೋ ಒಯ್ದು ಮುಟ್ಟಿಸಿದಂತೆ. ನಾನು ಹೋದಂತೆ ಅಲ್ಲ. ಅದೂ ಅಲ್ಲದೆ ನಾನು ಹೋಗಬೇಕಾದ ಕಡೆಗೆ ಆಟೋ ಹೋಗುವುದೇ ಇಲ್ಲ.

ಅಡೂರಿನ ಆಚೆ, ಕಾಡಿನ ಅಂಚಿಗೆ, ಗುಡ್ಡದ ನೆತ್ತಿಯಲ್ಲಿ ನನ್ನ ಆ ಗೆಳತಿಯ ಮನೆ. ತಮ್ಮನ ಸಂಸಾರದ ಜೊತೆ ಇದ್ದಾಳೆ. ಶುಗರು ಅವಳ ಕಣ್ಣನ್ನು ತಿಂದು ಮೂರು ವರ್ಷವಾಯಿತು. ಬೆಳಕು ಕತ್ತಲು ತಿಳಿಯುತ್ತದೆ, ಅಕ್ಷರ ಇಲ್ಲ. ಹಾಸ್ಟೆಲಿನಲ್ಲಿ ಕಂಬಳಿಯೊಳಗೆ ಟಾರ್ಚು ಹಿಡಿದು ಓದುತ್ತಿದ್ದವಳು. ಹಾಗಾಗಿ ಪ್ರತಿ ಬುಧವಾರ ಬೆಳಿಗ್ಗೆ ನಾನು ಹೋಗಿ ಮೂರೂವರೆ ನಾಲ್ಕರವರೆಗೆ ಅವಳಿಗೆ ಇಂಗ್ಲಿಷ್ ಕಾದಂಬರಿ ಓದಿ ಹೇಳುತ್ತೇನೆ. ಮೊಬೈಲಿನಲ್ಲಿ ಓದಿ ಹೇಳುವ ಯಂತ್ರ ಉಂಟಲ್ಲ ಎಂದು ಅವಳ ತಮ್ಮನ ಮಗ ಹಾಕಿಕೊಟ್ಟಿದ್ದ. ‘ಅದು ಕೊಲೆಯನ್ನೂ ಕಾಫಿಯನ್ನೂ ಒಂದೇ ಸ್ವರದಲ್ಲಿ ಓದ್ತದೆ ಮಾರಾಯ್ತಿ, ನೋ ಫೀಲಿಂಗ್ಸ್’ ಎಂದು ಆಫ್ ಮಾಡಿಸಿದಳು.

ಅವಳ ಮನೆಗೆ ಹತ್ತುವ ಕೊನೆಯ ಅರ್ಧ ಮೈಲಿ ಎರಡು ಕಾಂಕ್ರೀಟು ಪಟ್ಟಿ ಮಾತ್ರ. ಎಡದ ಟಯರಿಗೊಂದು, ಬಲದ ಟಯರಿಗೊಂದು. ನಡುವೆ ಹುಲ್ಲು, ಒಂದು ಬದಿಗೆ ಗೋಡೆಯಂಥ ಮಣ್ಣಿನ ದರೆ, ಇನ್ನೊಂದು ಬದಿಗೆ ಏನೂ ಇಲ್ಲ. ಮೂರು ಚಕ್ರದ ಆಟೋ ಅದರಲ್ಲಿ ಹೋದರೆ ಮುಂದಿನ ಚಕ್ರ ಹುಲ್ಲಿನ ಮೇಲೆ ಜಾರುತ್ತದೆ. ಅದಕ್ಕೇ ಆಟೋದವರು ಕೆಳಗೇ ನಿಲ್ಲಿಸಿ ನಡೆಯಿರಿ ಎನ್ನುತ್ತಾರೆ. ನನ್ನ ಮೊಣಕಾಲಿಗೆ ಆ ಏರು ಹತ್ತುವ ಶಕ್ತಿ ಇಲ್ಲ. ನನ್ನ ಕಾರಿಗೆ ಇದೆ. ಕಾರು ಹೋಯಿತೆಂದರೆ ಬುಧವಾರವೂ ಹೋಯಿತು.

ಈ ಸಲದ ಆಟಿ ತಿಂಗಳ ಮಳೆ ಮುಗಿದು ಬಿಸಿಲು ಬಂದ ಮೊದಲ ಬುಧವಾರ ಕಾರಿನ ಹಿಂದಿನ ಎಡ ಟಯರು ಚಪ್ಪಟೆಯಾಗಿ ಕೂತಿತ್ತು. ನಮ್ಮ ಪೇಟೆಯ ಪಂಚರ್ ಅಂಗಡಿಯವನಿಗೆ ಫೋನ್ ಮಾಡಿದೆ. ಬ್ಯಾರಿಗಳವನು, ಹದಿನೆಂಟು ವರ್ಷ ಗಲ್ಫಿನಲ್ಲಿ ಟಯರು ಬಿಚ್ಚಿ ಬಂದು ಈಗ ಇಲ್ಲಿ ಬಿಚ್ಚುತ್ತಾನೆ. ಮಧ್ಯಾಹ್ನದ ಮೇಲೆ ಬಂದ. ಟಯರು ಬಿಚ್ಚಿ, ಟ್ಯೂಬು ಹೊರಗೆ ತೆಗೆದು, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ತಿರುಗಿಸಿದ. ಒಂದು ಗುಳ್ಳೆಯೂ ಬರಲಿಲ್ಲ.

‘ಇದರಲ್ಲಿ ಎಂತದೂ ಇಲ್ಲ ಟೀಚರೇ. ಹೊಸ ಮದುಮಗಳ ಹಾಗೆ ಉಂಟು.’

‘ಮತ್ತೆ ಗಾಳಿ ಎಲ್ಲಿ ಹೋಯ್ತು?’

‘ವಾಲ್ವ್ ಸ್ವಲ್ಪ ಲೂಸ್ ಇರಬಹುದು. ಹೊಸದು ಹಾಕ್ತೇನೆ.’

ಹಾಕಿದ. ಎರಡನೆಯ ಬುಧವಾರ ಮುಂದಿನ ಬಲ ಟಯರು. ಮತ್ತೆ ಮಧ್ಯಾಹ್ನದ ಮೇಲೆ ಬಂದ, ಮತ್ತೆ ಗುಳ್ಳೆ ಇಲ್ಲ. ಮೂರನೆಯ ಬುಧವಾರ ಪುನಃ ಹಿಂದಿನದು. ಗುರುವಾರದಿಂದ ಮಂಗಳವಾರದವರೆಗೆ ನಾನು ಮಾರ್ಕೆಟಿಗೆ, ಲೈಬ್ರರಿಗೆ, ದೇವಸ್ಥಾನಕ್ಕೆ ಎಂದು ಸುತ್ತಿದರೂ ಟಯರು ಕಲ್ಲಿನ ಹಾಗೆ ಇತ್ತು.

‘ಟೀಚರೇ, ನಿಮ್ಮ ಟಯರಿಗೆ ಕ್ಯಾಲೆಂಡರ್ ಓದಲಿಕ್ಕೆ ಬರ್ತದಾ?’ ಎಂದು ಅವನು ನಕ್ಕ. ‘ನನ್ನ ಸರ್ವಿಸಿನಲ್ಲಿ ಮೊಳೆ ತಾಗಿ ಗಾಳಿ ಹೋದದ್ದು ನೋಡಿದ್ದೇನೆ, ಮುಳ್ಳು ತಾಗಿ ಹೋದದ್ದು ನೋಡಿದ್ದೇನೆ. ಬುಧವಾರ ತಾಗಿ ಹೋದದ್ದು ಇದೇ ಫಸ್ಟು.’

ನನಗೆ ನಗು ಬರಲಿಲ್ಲ. ಪ್ರತಿ ಸಲ ಗೆಳತಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದು ಹೇಳಬೇಕಾಗಿತ್ತು. ಮೊದಲ ವಾರ ಅವಳು, ‘ಓ ಡಿಯರ್, ಪರವಾಗಿಲ್ಲ’ ಎಂದಳು. ಎರಡನೆಯ ವಾರ, ‘ಅಗೇನ್?’ ಎಂದಳು. ಮೂರನೆಯ ವಾರ ತುಂಬ ಮರ್ಯಾದೆಯಿಂದ, ‘ನೋಡು, ನಿನಗೆ ಕಷ್ಟ ಆಗ್ತದೆ ಅಂತಾದರೆ ನೇರ ಹೇಳು. ಟಯರಿನ ಮೇಲೆ ಹಾಕಬೇಡ. ಐ ವಿಲ್ ನಾಟ್ ಮೈಂಡ್’ ಎಂದಳು.

ಅವಳು ಐ ವಿಲ್ ನಾಟ್ ಮೈಂಡ್ ಎಂದರೆ ಬಹಳ ಮೈಂಡ್ ಮಾಡಿದ್ದಾಳೆ ಎಂದು ಹಾಸ್ಟೆಲಿನಿಂದಲೂ ನನಗೆ ಗೊತ್ತು. ಫೋನ್ ಇಟ್ಟ ಮೇಲೆ ಒಂದು ಬೈಗಳು ನನ್ನ ಬಾಯಿಗೆ ಬಂತು. ಯಾವ ಸಿಸ್ಟರೂ ಕಲಿಸಿದ್ದಲ್ಲ.

ಆಗಲೇ ನನಗೊಂದು ವಿಷಯ ಹೊಳೆಯಿತು. ಮೂರು ಸಲವೂ ಪಂಚರಿನವನು ಬಂದದ್ದು ಮಧ್ಯಾಹ್ನದ ಮೇಲೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಟಯರಿನ ಹತ್ತಿರ ಯಾರು ಹೋಗುತ್ತಾರೆ, ಏನು ಮಾಡುತ್ತಾರೆ ಎಂದು ನಾನು ನೋಡಿಯೇ ಇರಲಿಲ್ಲ.

ನಾಲ್ಕನೆಯ ಬುಧವಾರ ಬೆಳಿಗ್ಗೆ ಎದ್ದವಳೇ ಶೆಡ್ಡಿಗೆ ಹೋದೆ. ಹಿಂದಿನ ಎಡ ಟಯರು ಕೂತಿತ್ತು. ನಾನು ಯಾರಿಗೂ ಹೇಳಲಿಲ್ಲ. ಇವರು ಬಚ್ಚಲಿಗೆ ಹೋದದ್ದು ನೋಡಿ, ಚಪ್ಪಲಿ ಹಾಕಿಕೊಂಡು ಪೇಟೆಗೆ ನಡೆದೆ. ಪಂಚರಿನವನು ಆಗಷ್ಟೇ ಶಟರ್ ಎತ್ತುತ್ತಿದ್ದ.

‘ಈಗ ಬರಬೇಕು. ಈ ಮಿನಿಟು.’

‘ಟೀಚರೇ, ಚಾ ಕೂಡ ಕುಡಿಯಲಿಲ್ಲ.’

‘ನಾನು ಕೊಡ್ತೇನೆ ಚಾ. ಬೀಗ ಹಾಕು.’

‘ನೀವು ಹೇಗೆ ಬರುದು? ನನ್ನದು ಸ್ಕೂಟರು.’

‘ಹಿಂದೆ ಸೀಟು ಉಂಟಲ್ಲ?’

ಎಪ್ಪತ್ತೈದರ ಹೆಂಗಸು ಸೀರೆ ಒಂದು ಬದಿಗೆ ಎಳೆದುಕೊಂಡು ಪಂಚರ್ ಅಂಗಡಿಯವನ ಸ್ಕೂಟರಿನಲ್ಲಿ ಹೋಗುವುದನ್ನು ಬಸ್‌ಸ್ಟಾಂಡಿನಲ್ಲಿದ್ದವರು ಕಣ್ಣು ತುಂಬ ನೋಡಿದರು. ನೋಡಲಿ. ದೇವಸ್ಥಾನದ ಮೊಕ್ತೇಸರರು ಕೈ ಎತ್ತಿ ನಮಸ್ಕಾರ ಮಾಡಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ನಾನು ಒಂದು ಕೈಯಲ್ಲಿ ಸೀಟಿನ ಹಿಂದಿನ ಸ್ಟೆಪ್ನಿ ಟಯರಿನ ಕಂಬಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಪೂರ್ತಿ ನಮಸ್ಕಾರ ಮಾಡಿದೆ.

ಶೆಡ್ಡಿಗೆ ಬಂದು ಅವನು ಟಯರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಜ್ಯಾಕು ಹಾಕುವ ಮೊದಲು ವಾಲ್ವಿನ ಮೇಲಿನ ಸಣ್ಣ ಮುಚ್ಚಳವನ್ನು ತಿರುಗಿಸಿ ತೆಗೆದ. ಮುಚ್ಚಳದೊಳಗಿಂದ ಏನೋ ಒಂದು ಕಾಳು ಅವನ ಅಂಗೈಗೆ ಬಿತ್ತು.

‘ಹುರುಳಿ ಅಲ್ವಾ ಇದು?’

ಹುರುಳಿಯೇ. ಮುಚ್ಚಳದೊಳಗೆ ಒಂದು ಕಾಳು ಇಟ್ಟು ತಿರುಗಿಸಿದರೆ ಅದು ವಾಲ್ವಿನ ಕಡ್ಡಿಯನ್ನು ಒತ್ತಿಕೊಂಡು ಇರುತ್ತದೆ, ಗಾಳಿ ಸದ್ದಿಲ್ಲದೆ ಸೋರಿ ಬೆಳಗಾಗುವಾಗ ಟಯರು ಕೂತಿರುತ್ತದೆ ಎಂದು ಅವನು ವಿವರಿಸಿದ. ಕಾಳು ತೆಗೆದುಬಿಟ್ಟರೆ ಟ್ಯೂಬನ್ನು ಸಮುದ್ರದಲ್ಲಿ ಮುಳುಗಿಸಿದರೂ ಗುಳ್ಳೆ ಬಾರದು. ವಿವರಿಸುತ್ತ ವಿವರಿಸುತ್ತ ಅವನಿಗೂ ಏನೋ ಹೊಳೆದಿರಬೇಕು, ಮಾತು ಸಣ್ಣದಾಯಿತು.

‘ಯಾರೋ ಮಕ್ಕಳ ಕೆಲಸ ಟೀಚರೇ,’ ಎಂದ. ನನ್ನ ಮುಖ ನೋಡಲಿಲ್ಲ.

‘ಹೌದು. ಎಂಬತ್ತು ವರ್ಷದ ಮಗು,’ ಎಂದೆ.

ನಮ್ಮ ಮನೆಯಲ್ಲಿ ಹುರುಳಿ ಮುಟ್ಟುವವರು ಒಬ್ಬರೇ. ಮೂತ್ರದ ಕಲ್ಲಿಗೆ ಒಳ್ಳೆಯದೆಂದು ಇವರು ದಿನಾ ಬೆಳಿಗ್ಗೆ ಹುರುಳಿ ಬೇಯಿಸಿದ ನೀರು ಕುಡಿಯುತ್ತಾರೆ. ಅದರ ಡಬ್ಬಿ ಇವರ ಮೇಜಿನ ಮೇಲೆಯೇ ಇರುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಇವರೇ ಹೇಳಿ ನಕ್ಕಿದ್ದರು, ಕಾಲೇಜಿನಲ್ಲಿ ಸ್ಟ್ರೈಕ್ ಆದಾಗ ಹುಡುಗರು ಹೀಗೆಯೇ ವಾರ್ಡನ್ನರ ಸ್ಕೂಟರಿನ ಗಾಳಿ ತೆಗೆಯುತ್ತಿದ್ದರೆಂದು. ಹೆಸರೋ ಕಡಲೆಯೋ ಬಳಸಿದ್ದರೆ ನಾನು ಕೆಲಸದವಳ ಮೇಲೆ, ನೆರೆಯವರ ಮೇಲೆ ಸಂಶಯ ಪಡುತ್ತಿದ್ದೆ. ಕಳ್ಳತನಕ್ಕೂ ಇವರಿಗೆ ತನ್ನದೇ ಡಬ್ಬಿಯ ಕಾಳು ಬೇಕಾಯಿತು.

ಪಂಚರಿನವನು ಗಾಳಿ ತುಂಬಿದ, ಚಾ ಕುಡಿದ, ಲೋಟ ಇಟ್ಟ ಕೂಡಲೇ ಸ್ಕೂಟರು ಹತ್ತಿದ. ಗಂಡ ಹೆಂಡತಿಯ ನಡುವಿನ ಟಯರಿನಲ್ಲಿ ತನಗೆ ಕೆಲಸವಿಲ್ಲ ಎಂದು ಅವನಿಗೆ ತಿಳಿಯಿತು.

ಇವರು ಸ್ನಾನ ಮುಗಿಸಿ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನಾನು ಆ ಕಾಳನ್ನು ಪೇಪರಿನ ನಡುವಿನಲ್ಲಿ ಇಟ್ಟೆ.

ಇವರು ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿದರು.

‘ಯಾವುದರಲ್ಲಿ ಸಿಕ್ಕಿತು?’

‘ಹಿಂದಿನ ಎಡದ್ದರಲ್ಲಿ.’

‘ಹೂಂ.’

‘ನಾಲ್ಕು ವಾರವೂ ನೀವೇ?’

‘ನಾನೇ.’ ಕೇಳಿದರೆ ಸುಳ್ಳು ಹೇಳುವ ಜನ ಅಲ್ಲ ಇವರು. ಕೇಳದಿದ್ದರೆ ಹೇಳುವ ಜನವೂ ಅಲ್ಲ.

‘ಬಾಯಿ ಇರಲಿಲ್ಲವಾ ನಿಮಗೆ? ಹೋಗಬೇಡ ಅಂತ ಹೇಳ್ಲಿಕ್ಕೆ ಆಗ್ತಿರಲಿಲ್ಲವಾ?’

‘ಹೇಳಿದರೆ ನೀನು ಕೇಳ್ತಿದ್ದೆಯಾ?’

‘ಇಲ್ಲ.’

‘ಮತ್ತೆ?’

ನನಗೆ ಸಿಟ್ಟು ಎಷ್ಟಿತ್ತೆಂದರೆ ಇಂಗ್ಲಿಷೇ ಬಂತು. ‘ದಿಸ್ ಈಸ್ ಚೀಟಿಂಗ್! ಅಲ್ಲಿ ಅವಳು ನಾನು ಸುಳ್ಳು ಹೇಳ್ತಿದ್ದೇನೆ ಅಂತ ತಿಳ್ಕೊಂಡಿದ್ದಾಳೆ. ನಾನು ಅವಳನ್ನು ಬಿಟ್ಟೆ ಅಂತ ತಿಳ್ಕೊಂಡಿದ್ದಾಳೆ. ಕಣ್ಣು ಕಾಣದವಳಿಗೆ ನೀವು ಮಾಡಿದ್ದು ಇದು.’

ಅದು ಇವರಿಗೆ ತಾಗಿತು. ಪೇಪರು ಮಡಚಿದರು. ಆಮೇಲೆ ನಿಧಾನವಾಗಿ ಹೇಳಿದರು.

‘ಜುಲಾಯಿಯಲ್ಲಿ ಒಂದು ದಿನ ನೀನು ಎರಡು ಗಂಟೆ ಲೇಟು. ನೆನಪುಂಟಾ? ಮಳೆ ಬಿಡದೆ ಹೊಡೀತಿತ್ತು, ಫೋನಿಗೆ ರೇಂಜಿಲ್ಲ. ಗೇಟಿನ ಹತ್ತಿರ ನಿಂತಿದ್ದೆ. ಬಸ್ಸಿನ ಕಂಡಕ್ಟರ್ ಹೇಳಿದ, ತಿರುವಿನಲ್ಲಿ ಒಂದು ಬಿಳೀ ಕಾರು ಚರಂಡಿಗೆ ಇಳಿದಿದೆ ಅಂತ.’

‘ಅದು ನನ್ನದಲ್ಲ. ನನ್ನದು ದಾರಿಗೆ ಮರ ಬಿದ್ದು ತಡವಾದದ್ದು. ಬಂದ ಕೂಡಲೇ ಹೇಳಿದೆ.’

‘ಬಂದ ಮೇಲೆ ಹೇಳಿದೆ. ಆ ಎರಡು ಗಂಟೆ ನಾನು ಎಂತ ಮಾಡಿದೆ ಅಂತ ಗೊತ್ತುಂಟಾ ನಿನಗೆ?’

‘ಎಂತ ಮಾಡಿದಿರಿ?’

‘ಒಳಗೆ ಹಗ್ಗದಲ್ಲಿ ಒಣಗಿಸಿದ ನಿನ್ನ ಸೀರೆ ತೆಗೆದು ಮಡಚಿದೆ. ಸಮ ಆಗಲಿಲ್ಲ ಅಂತ ಬಿಡಿಸಿದೆ. ಪುನಃ ಮಡಚಿದೆ. ಅದೇ ಒಂದು ಸೀರೆ.’

ಐವತ್ತೆರಡು ವರ್ಷದಲ್ಲಿ ಇವರು ಸೀರೆ ಮಡಚಿದ್ದನ್ನು ನಾನು ನೋಡಿದ್ದಿಲ್ಲ. ಆ ದಿನ ಬಂದಾಗ ಮಂಚದ ಮೇಲೆ ವಕ್ರವಾಗಿ ಮಡಚಿದ ಸೀರೆ ಕಂಡು ಕೆಲಸದವಳಿಗೆ ಬೈದದ್ದು ಮಾತ್ರ ನೆನಪಾಯಿತು.

‘ಈಗ ಹೇಳ್ತೇನೆ,’ ಎಂದರು ಇವರು. ‘ಬಾಯಿಬಿಟ್ಟೇ ಹೇಳ್ತೇನೆ. ಹೋಗಬೇಡ.’

ಇವರು ನನಗೆ ನೇರವಾಗಿ ಬೇಡ ಎಂದದ್ದು ಅದೇ ಮೊದಲು. ನಾನು ಒಂದು ಕ್ಷಣ ನಿಂತೆ. ನಿಂತದ್ದು ಸುಳ್ಳಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಆಯಿತು, ಇವತ್ತು ಬೇಡ ಎಂದುಬಿಟ್ಟಿದ್ದರೆ ಅದೂ ಒಂದು ಪ್ರೀತಿಯೇ ಆಗುತ್ತಿತ್ತು. ಆದರೆ ಇವತ್ತು ಬೇಡ ಎಂದರೆ ಮುಂದಿನ ವಾರವೂ ಬೇಡ, ಆಮೇಲೆ ಕಾರು ಯಾಕೆ, ಆಮೇಲೆ ಮಗಳು ಯಾರಿಗೋ ಫೋನ್ ಮಾಡುತ್ತಾಳೆ, ಯಾರೋ ಬಂದು ಟಯರು ಒದ್ದು ನೋಡಿ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಒಬ್ಬಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ನಮ್ಮ ಕಾರಿನ ಸದ್ದಿಗೆ ಕಿವಿಕೊಟ್ಟು ಕೂತಿರುತ್ತಾಳೆ.

‘ಹೇಳಿದ್ದು ಕೇಳಿತು,’ ಎಂದೆ. ‘ಹೋಗ್ತೇನೆ.’

ಕೀ ತೆಗೆದುಕೊಂಡೆ. ಕಾರು ಶೆಡ್ಡಿನಿಂದ ಹೊರಗೆ ಬರುವಾಗ ಕನ್ನಡಿಯಲ್ಲಿ ಇವರು ಜಗಲಿಯ ಕಂಬ ಹಿಡಿದು ನಿಂತದ್ದು ಕಂಡಿತು. ಗೇಟು ನಾನೇ ಇಳಿದು ತೆಗೆದೆ.

ದಾರಿಯುದ್ದಕ್ಕೂ ಸಿಟ್ಟು ನನ್ನ ಜೊತೆಗೇ ಬಂತು. ಎರಡು ಪಟ್ಟಿಯ ಏರಿನ ಬುಡದಲ್ಲಿ ಮಾತ್ರ ನಿಲ್ಲಿಸಿದೆ. ಪಟ್ಟಿಗಳ ಮೇಲೆ ಪಾಚಿ ಕಟ್ಟಿತ್ತು. ಇವರ ಭಯ ಸುಮ್ಮನೆ ಹುಟ್ಟಿದ್ದಲ್ಲ ಎಂದು ನನಗೂ ಗೊತ್ತಿದೆ. ಸಂಜೆ ಎದುರಿನ ಬಸ್ಸಿನ ಒಂದು ಲೈಟು ನನಗೆ ಎರಡಾಗಿ ಕಾಣಲು ಶುರುವಾಗಿ ವರ್ಷವಾಯಿತು. ಅದನ್ನು ಯಾರಿಗೂ ಹೇಳದೆ ನಾನೇ ಐದು ಗಂಟೆಯ ಒಳಗೆ ಮನೆ ಸೇರುವ ನಿಯಮ ಮಾಡಿಕೊಂಡೆ. ಜುಲಾಯಿಯ ಆ ದಿನ ಅದು ತಪ್ಪಿತು. ಆ ದಿನ ಬರುವಾಗ ಸ್ಟೀರಿಂಗ್ ಹಿಡಿದ ಕೈ ಒದ್ದೆಯಾಗಿತ್ತು. ಮರ ಬಿತ್ತು ಎಂದು ಇವರಿಗೆ ಹೇಳಿದೆ, ಕೈಯ ವಿಷಯ ಹೇಳಲಿಲ್ಲ. ಹಾಗೆ ನೋಡಿದರೆ ನಾನೂ ಒಂದು ಕಾಳು ಮುಚ್ಚಿಟ್ಟವಳೇ.

ಫಸ್ಟ್ ಗೇರಿಗೆ ಹಾಕಿ ಹತ್ತಿದೆ. ಟಯರು ಒಂದು ಸಲ ಜಾರಿ ಪಟ್ಟಿಗೆ ಹಿಡಿಯಿತು. ಅವಳು ಕಿಟಕಿಯಲ್ಲಿಯೇ ಇದ್ದಳು.

‘ಬಂದೆಯಾ? ಓ, ದ ಟಯರ್ ಈಸ್ ಬೆಟರ್?’ ಎಂದಳು, ಮುಖ ಆಚೆ ಮಾಡಿಕೊಂಡು.

ನಾನು ಹುರುಳಿಯ ಕಥೆ ಹೇಳಿದೆ. ಮೊದಲು ನಂಬಲಿಲ್ಲ. ನಂಬಿದ ಮೇಲೆ ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂದು, ಅವಳ ನಾದಿನಿ ನೀರು ತಂದು ಕೊಡಬೇಕಾಯಿತು. ‘ಪೋಸ್ಟ್ ಮಾಸ್ಟರ್! ಆ ಪಾಪದ ಮನುಷ್ಯ! ವಾಟ್ ಎ ಕ್ರಿಮಿನಲ್!’

ಆಮೇಲೆ ಸೀರೆ ಮಡಚಿದ್ದನ್ನೂ ಹೇಳಿದೆ. ಹೇಳಬಾರದಿತ್ತೇನೋ. ಅವಳ ನಗು ನಿಂತಿತು.

‘ಅವರು ಹೇಳಿದ್ದು ಸರಿ ಉಂಟು,’ ಎಂದಳು. ‘ನೀನು ಬರಬೇಡ. ನನ್ನ ರೋಡು ರೋಡೇ ಅಲ್ಲ. ನಾನು ಆ ಮೊಬೈಲಿನದ್ದು ಕೇಳ್ತೇನೆ.’

ಮನೆಯಲ್ಲಿ ಒಬ್ಬರ ಬಾಯಿಂದ ಕೇಳಿ ಬಂದದ್ದು ಸಾಲದೆ ಇಲ್ಲಿಯೂ! ‘ನೀನು ಕೂಡ ಶುರುಮಾಡಬೇಡ,’ ಎಂದೆ. ‘ಬೇಡ ಅನ್ನುವವರ ಸಂಘಕ್ಕೆ ಆಗಲೇ ಇಬ್ಬರು ಮೆಂಬರು ಇದ್ದಾರೆ, ಮಗಳನ್ನು ಸೇರಿಸಿ. ನಿನಗೆ ಸೀಟಿಲ್ಲ.’

‘ಏನಾದರೂ ಆದರೆ?’

‘ಆದರೆ ಆಯಿತು. ನಾನು ಬರುವುದು ನಿನ್ನ ಮೇಲಿನ ಕನಿಕರಕ್ಕೆ ಅಂತ ತಿಳ್ಕೊಂಡೆಯಾ? ನಮ್ಮ ಕಾದಂಬರಿಯ ಆ ಡಾಕ್ಟರು ನಾಲ್ಕು ವಾರದಿಂದ ಮೆಟ್ಟಿಲ ಮೇಲೆ ಚಾಕು ಹಿಡಿದು ನಿಂತಿದ್ದಾನೆ. ನಾನು ಮನೆಯಲ್ಲಿ ಮುಂದಿನ ಪುಟ ತಿರುಗಿಸಿ ನೋಡಲಿಲ್ಲ, ನಿನ್ನನ್ನು ಬಿಟ್ಟು ಓದಬಾರದು ಅಂತ. ನನಗೂ ಗೊತ್ತಾಗಬೇಡವಾ ಅವನು ಕೊಂದದ್ದಾ ಅಲ್ಲವಾ ಅಂತ?’

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ‘ನಾನು ಹೇಳ್ತೇನೆ, ಅವನಲ್ಲ. ನರ್ಸು,’ ಎಂದಳು. ಓದಲು ಶುರುಮಾಡಿದೆ. ನರ್ಸೂ ಅಲ್ಲ ಎಂದು ಮೂರು ಅಧ್ಯಾಯ ಕಳೆದು ತಿಳಿದಾಗ ಇಬ್ಬರಿಗೂ ಬಹಳ ಅವಮಾನವಾಯಿತು.

ನಾಲ್ಕೂವರೆಗೆ ಮನೆ ಮುಟ್ಟಿದೆ. ಇವರು ಗೇಟು ತೆರೆದಿಟ್ಟಿದ್ದರು. ಕಾಫಿ ಮಾಡಿಟ್ಟಿದ್ದರು, ಸಕ್ಕರೆ ಹೆಚ್ಚಾಗಿತ್ತು. ನಾನು ಕುಡಿದು, ಲೋಟ ಇಟ್ಟು, ಹೇಳಬೇಕಾದ್ದನ್ನು ಹೇಳಿದೆ. ಜೋರು ಮಳೆಯ ದಿನ ಹೋಗುವುದಿಲ್ಲ. ಐದರ ಒಳಗೆ ಬರುತ್ತೇನೆ, ಏಕೆಂದರೆ ಸಂಜೆಯ ಲೈಟು ನನಗೆ ಎರಡು ಕಾಣುತ್ತದೆ. ಅಲ್ಲಿ ಮುಟ್ಟಿದಾಗ ಒಂದು, ಅಲ್ಲಿಂದ ಹೊರಡುವಾಗ ಒಂದು ಕರೆ ಅವರ ಮನೆಯ ಫೋನಿನಿಂದ ಮಾಡುತ್ತೇನೆ. ಒಂದು ದಿನ ಆ ಪಟ್ಟಿಯ ಮೇಲೆ ಟಯರು ಇಡಲು ನನಗೆ ಆಗುವುದಿಲ್ಲ ಎಂದು ತಿಳಿಯುತ್ತದೆ, ಆ ದಿನ ಕೀಯನ್ನು ನಾನೇ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಆ ದಿನ ಯಾವುದೆಂದು ನಾನು ಹೇಳಬೇಕು. ನೀವಲ್ಲ, ಮಗಳಲ್ಲ.

ಲೈಟಿನ ವಿಷಯ ಕೇಳಿ ಇವರ ಹುಬ್ಬು ಮೇಲೆ ಹೋಯಿತು. ಬೈಯಲಿಲ್ಲ. ಅಂಚೆಯಲ್ಲಿ ಬಂದ ಯಾವುದೋ ಅರ್ಜಿಯನ್ನು ಮಂಜೂರು ಮಾಡುವವರ ಹಾಗೆ ತಲೆ ಆಡಿಸಿದರು.

‘ಹಾಗಾದರೆ ಬುಧವಾರ ನಾನೂ ಬರ್ತೇನೆ,’ ಎಂದರು. ‘ಪಕ್ಕದಲ್ಲಿ ಕೂತಿರ್ತೇನೆ. ಮಾತಾಡುದಿಲ್ಲ.’

ಆ ಮುಖ ನೋಡಿ ಹೂಂ ಅನ್ನಬೇಕೆಂದು ಯಾರಿಗಾದರೂ ಅನ್ನಿಸಬೇಕು. ನನಗೂ ಅನ್ನಿಸಿತು.

‘ಬೇಡ,’ ಎಂದೆ. ‘ಗುರುವಾರ ಬನ್ನಿ, ಶುಕ್ರವಾರ ಬನ್ನಿ, ಎಲ್ಲಿಗೆ ಹೇಳಿದರೆ ಅಲ್ಲಿಗೆ ಕರ್ಕೊಂಡು ಹೋಗ್ತೇನೆ. ಬುಧವಾರ ಮಾತ್ರ ಇಲ್ಲ.’

ಮುಖ ಸಣ್ಣದಾಯಿತು. ಎರಡು ದಿನ ಸಣ್ಣದಾಗಿಯೇ ಇತ್ತು. ನಾನು ಮಾತು ಬದಲಾಯಿಸಲಿಲ್ಲ.

ಮುಂದಿನ ಬುಧವಾರ ಹೊರಡುವ ಮೊದಲು ನಾನು ಬಾನೆಟ್ಟಿಗೆ ಕೈ ಊರಿ, ಕಾರಿನ ಸುತ್ತ ಬಂದು, ನಾಲ್ಕು ಟಯರಿನ ನಾಲ್ಕು ಮುಚ್ಚಳವನ್ನೂ ಒಂದೊಂದಾಗಿ ಬಿಚ್ಚಿ ಒಳಗೆ ನೋಡಿದೆ. ಕೂತು ಏಳುವಾಗ ಮೊಣಕಾಲು ಪಟಪಟ ಎಂದಿತು. ಜಗಲಿಯಿಂದ ಇವರು ಪೇಪರು ಕೆಳಗೆ ಮಾಡಿ, ‘ಅಷ್ಟೂ ನಂಬಿಕೆ ಇಲ್ಲವಾ ಮಾರಾಯ್ತಿ?’ ಎಂದರು.

‘ಇಲ್ಲ,’ ಎಂದೆ. ಕೊನೆಯ ಮುಚ್ಚಳ ಬಿಗಿ ಮಾಡಿ, ಕೈಯ ಕಪ್ಪನ್ನು ಸೆರಗಿಗೆ ಒರೆಸಿಕೊಂಡು ಕಾರು ಹತ್ತಿದೆ.